ಮನೆಗೆ ಹೋಗಿ ಗಂಡನನ್ನು ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವುದೆಲ್ಲ ನಿಜ. ಒಂದು ಮಾತು ಸುಳ್ಳಾಗಿದ್ದರೂ ಇನ್ನು ಮುಂದೆ ಮುಂಬಯಿಯ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನನಗೆ ನಾಲ್ಕನೆಯ ಸೀಟೂ ಸಿಗದೆ ಹೋಗಲಿ. ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ಅಂಗವನ್ನು ಮಾತ್ರ ಊರಿ ಕೂರುವ ಆ ಜಾಗದ ಬೆಲೆ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಆಣೆ ಎಂದು ತಿಳಿಯುತ್ತದೆ. ಸತ್ಯವೇದದ, ಅಂದರೆ ಬೈಬಲಿನ, ಮೇಲೆಯೇ ಕೈಯಿಡುತ್ತಿದ್ದೆ. ಆದರೆ ಆಣೆಯನ್ನೇ ಇಡಬೇಡಿ ಎಂದು ಅದರೊಳಗೇ ಬರೆದಿದೆ. ಅದೇ ಪುಸ್ತಕವನ್ನು ಮುಂದೆ ಹಿಡಿದು ಜನರಿಂದ ಆಣೆ ಮಾಡಿಸುವುದೂ ಉಂಟು. ಇಂಥದ್ದು ಲೋಕದಲ್ಲಿ ನಡೆಯುತ್ತಲೇ ಇರುತ್ತದೆ. ಪುಸ್ತಕದ ಮೇಲೆ ಕೈಯಿಡುವವರು ಜಾಸ್ತಿ, ಒಳಗೆ ಕಣ್ಣಿಡುವವರು ಕಮ್ಮಿ.

ನಾನು ಆಂಟಾಪ್ ಹಿಲ್ಲಿನ ಕನ್ನಡ ಸಭೆಯವನು. ಸಭೆ ಎಂದರೆ ಭಾಷಣದ ಸಭೆಯಲ್ಲ, ನಮ್ಮ ಚರ್ಚಿಗೆ ನಾವು ಹಾಗೆನ್ನುವುದು. ಮಂಗಳೂರು-ಉಡುಪಿ ಕಡೆಯವರು, ಗದಗ-ಧಾರವಾಡ ಕಡೆಯವರು, ಎಲ್ಲ ಸೇರಿ ಭಾನುವಾರ ಒಂದೇ ಸೂರಿನಡಿ ಬೆವರುತ್ತೇವೆ. ಗಾಯನ ಮಂಡಳಿಯಲ್ಲಿ ನನ್ನದು ಬೇಸ್. ನಾನು ಕೆಳಗಿನ ಸ್ವರ ಹಿಡಿದರೆ ವಡಾಳಾ ಸ್ಟೇಶನ್ನಿನಲ್ಲಿ ಜನ ಗಾಡಿ ಬಂತೆಂದು ಚೀಲ ಎತ್ತಿಕೊಳ್ಳುತ್ತಾರೆ. ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಲೋಕಲ್‌ನಲ್ಲಿ ನಿಂತೇ ಓದಿ ಮುಗಿಸಿದ್ದೇನೆ. ಇಂಥವನು ಮುಂಬಯಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಸಾಮಾನ್ಯವಾಗಿ ನಾನು ನಗುನಗುತ್ತಲೇ ಬರೆಯುವವನು. ಈ ಸಲ ಹಲ್ಲು ಕಡಿಯುತ್ತ ಬರೆಯುತ್ತಿದ್ದೇನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣಬಹುದು.

ಅಂಗಿ ಮತ್ತು ಕಾರು

ನಮ್ಮ ಸಭೆಗೆ ಒಬ್ಬ ದೊಡ್ಡ ಹಿರಿಯರಿದ್ದಾರೆ. ಮೂಲ ಉಡುಪಿ ಕಡೆ. ಜೋಗೇಶ್ವರಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಸಣ್ಣ ಫ್ಯಾಕ್ಟರಿ. ಸಭೆಯ ಕಮಿಟಿಗೆ ಅವರೇ ಅಧ್ಯಕ್ಷರು. "ಸತ್ಯವೇದವನ್ನು ಅಕ್ಷರ ಅಕ್ಷರ ನಂಬಬೇಕು. ಅರ್ಥ ಗಿರ್ಥ ಎಂದು ಅಗೆಯಲಿಕ್ಕೆ ಹೋಗಬಾರದು" ಎನ್ನುವುದು ಅವರ ಸಿದ್ಧಾಂತ. ಬಕೆಟನ್ನು ಅಗೆದರೆ ತೂತಾಗುತ್ತದಲ್ಲ, ಆ ಭಯ ಇರಬೇಕು.

ಚರ್ಚಿನ ಅಂಗಳದಲ್ಲಿ ಎರಡೇ ಕಾರು ನಿಲ್ಲುವಷ್ಟು ಜಾಗ. ಎರಡೂ ಇವರವೇ. ಒಂದರಲ್ಲಿ ಇವರು ಬರುತ್ತಾರೆ, ಇನ್ನೊಂದರಲ್ಲಿ ಮಗ. ಮಂಡಿನೋವಿನ ಅಜ್ಜಿಯರು ಗೇಟಿನ ಹೊರಗೆ ರಸ್ತೆಯಲ್ಲೇ ಟ್ಯಾಕ್ಸಿ ಇಳಿದು, ಕಾರುಗಳ ನಡುವೆ ಸೀರೆ ಹಿಡಿದುಕೊಂಡು ಅಡ್ಡಡ್ಡ ನುಸುಳಿ ಒಳಗೆ ಬರಬೇಕು.

ಒಂದು ದಿನ ನಾನೇ ಹೋಗಿ ಹೇಳಿದೆ. ಕೇಳುವ ಧೈರ್ಯ ಬೇರೆ ಯಾರಿಗಿತ್ತು? "ಹಿರಿಯರೇ, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂತ ಉಂಟಲ್ಲ. ಒಂದು ಕಾರು ಹೊರಗೆ ನಿಲ್ಲಿಸಿದರೆ ಅಜ್ಜಿಯರ ಟ್ಯಾಕ್ಸಿ ಒಳಗೆ ಬರ್ತದೆ."

"ಅಂಗಿ ಅಂತ ಬರೆದುಂಟು ಮಾರಾಯ್ರೆ. ಕಾರು ಅಂತ ಎಲ್ಲುಂಟು, ತೋರಿಸಿ."

"ಸರಿ, ಹಾಗಾದರೆ ಒಂದು ಅಂಗಿ ಕೊಡಿ. ನಮ್ಮ ವಾಚ್‌ಮನ್‌ನದ್ದು ಹರಿದಿದೆ."

ಹಿರಿಯರು ಮೈಮೇಲಿನ ರೇಷ್ಮೆ ಅಂಗಿಯನ್ನೊಮ್ಮೆ ಸವರಿಕೊಂಡರು. "ಅದು ಆ ಕಾಲದ ಬಡಜನರಿಗೆ ಹೇಳಿದ್ದು. ಸಂದರ್ಭ ನೋಡ್ಬೇಕು."

ಅಕ್ಷರಾರ್ಥದಿಂದ ಚಾರಿತ್ರಿಕ ಸಂದರ್ಭಕ್ಕೆ ಅವರು ಹೋದ ವೇಗದಲ್ಲಿ ಬಾಂದ್ರಾದಿಂದ ದಾದರಿಗೆ ಫಾಸ್ಟ್ ಗಾಡಿಯೂ ಹೋಗುವುದಿಲ್ಲ.

ಹೊಟ್ಟೆಯ ಸಲುವಾಗಿ

ಆ ಹೊತ್ತಿಗೆ ನಮಗೆ ಹೊಸ ಪಾಸ್ಟರ್ ಬಂದರು. ಸಣ್ಣ ಪ್ರಾಯ. ಸೆಮಿನರಿಯಲ್ಲಿ ಗ್ರೀಕ್, ಹೀಬ್ರೂ ಎಲ್ಲ ಓದಿದವರು. ಯಾವ ವಾಕ್ಯವನ್ನೂ ಹಾಗೇ ನುಂಗಬಾರದು, ಯಾರು ಬರೆದದ್ದು, ಯಾರಿಗೆ, ಯಾವ ಜಗಳದ ನಡುವೆ, ಅದು ಪದ್ಯವೋ ಕಥೆಯೋ ಪತ್ರವೋ, ಹಳೆಯ ಕೈಬರಹದ ಪ್ರತಿಗಳಲ್ಲಿ ಹೇಗಿದೆ, ಇದೆಲ್ಲ ಕೇಳಿಯೇ ಓದಬೇಕು ಎನ್ನುವವರು. ಮೊದಲ ಬೈಬಲ್ ಸ್ಟಡಿ ದೊಡ್ಡ ಹಿರಿಯರ ಮನೆಯಲ್ಲಿ.

ಪಾಸ್ಟರ್ ಮೆಲ್ಲಗೆ ಕೇಳಿದರು, "ಹಿರಿಯರೇ, ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಪೌಲ ತನ್ನ ಶಿಷ್ಯ ತಿಮೊಥೆಗೆ ಪತ್ರದಲ್ಲಿ ಬರೆದಿದ್ದಾನಲ್ಲ, ಅದು ನಮಗೂ ಹೇಳಿದ್ದಾ?"

"ನೂರಕ್ಕೆ ನೂರು. ಅಕ್ಷರ ಅಕ್ಷರ."

"ಒಬ್ಬರಿಗೊಬ್ಬರು ಮುತ್ತಿಟ್ಟು ವಂದಿಸಿ ಅಂತಲೂ ಇದೆ."

ಹಿರಿಯರು ಪಕ್ಕದಲ್ಲಿ ಕೂತಿದ್ದ ನನ್ನ ಮೀಸೆಯನ್ನು ನೋಡಿದರು. "ಛೆ, ಅದು ಆ ದೇಶದ ಪದ್ಧತಿ."

"ಹಾಗಾದರೆ ಯಾವುದು ಅಕ್ಷರಕ್ಕೆ ಸರಿ, ಯಾವುದು ಪದ್ಧತಿ, ಅದನ್ನು ನೀವು ಹೇಗೆ ತೀರ್ಮಾನ ಮಾಡ್ತೀರಿ?"

"ಪ್ರಾರ್ಥನೆಯಿಂದ," ಎಂದರು ಹಿರಿಯರು ಕಣ್ಣು ಮುಚ್ಚಿ.

ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ಪಾಸ್ಟರ್ ಮುಂದೆ ಚಹಾ ಇಡುತ್ತ ಅಂದರು: "ಹೌದು ಅಯ್ಯನವರೇ. ಮದುವೆ ಪಾರ್ಟಿ ಇದ್ದ ದಿನ ಇವರ ಹೊಟ್ಟೆ ಬೆಳಗಿನಿಂದಲೇ ಪ್ರಾರ್ಥನೆ ಶುರು ಮಾಡ್ತದೆ."

ಫೋನಿನ ಈ ಕಡೆ

ಒಂದು ಶನಿವಾರ ನಾನು, ಹಿರಿಯರು, ಪಾಸ್ಟರ್ ಮೂವರೂ ವಾಶಿಯಲ್ಲಿ ಒಬ್ಬರ ಮನೆಯ ಪ್ರಾರ್ಥನೆ ಮುಗಿಸಿ ಲೋಕಲ್‌ನಲ್ಲಿ ಬರುತ್ತಿದ್ದೆವು. ಬಾಗಿಲ ಬಳಿ ನಿಂತ ಒಬ್ಬ ದಾಂಡಿಗ ಫೋನಿನಲ್ಲಿ ಹಿಂದಿಯಲ್ಲಿ ಕಿರುಚುತ್ತಿದ್ದ. "ಅವಳಿಗೆ ಬೆಳಗಿನಿಂದ ಅನ್ನ ಹಾಕಬೇಡ ಅಂದಿದ್ದೆನಲ್ಲ! ಅತ್ತರೂ ಹಾಕಬೇಡ! ಬಾಯಿಗೆ ಬಟ್ಟೆ ಕಟ್ಟು! ಇಬ್ಬರು ಹಿಡ್ಕೊಂಡು ಟೆಂಪೋದಲ್ಲಿ ತುಂಬು!"

ಡಬ್ಬಿಯೆಲ್ಲ ಅವನ ಕಡೆ ತಿರುಗಿತು. ಮೊದಲು ಎದ್ದವರು ನಮ್ಮ ಹಿರಿಯರೇ. "ಏಯ್, ಹೆಂಡತಿಗೆ ಹೀಗೆ ಮಾಡ್ತೀಯಾ? ಮನುಷ್ಯನಾ ನೀನು?" ಎಂದು ಅವನ ಕಾಲರಿಗೇ ಕೈಹಾಕಿದರು. ಹಿಂದಿನಿಂದ ಇನ್ನಿಬ್ಬರು ತೋಳು ಮಡಚಿದರು. ನಾನೊಬ್ಬನೇ ಆ ಇಡೀ ಗುಂಪನ್ನು ಎಡಗೈಯಿಂದ ತಡೆದು ನಿಲ್ಲಿಸಿದೆ. ಬಲಗೈಯಲ್ಲಿ ಹಿಡಿಕೆ ಇತ್ತು.

ಅವನು ಅಳುವುದೊಂದು ಬಾಕಿ. ಫೋನಿನಲ್ಲಿ ಫೋಟೋ ತೋರಿಸಿದ. ನಾಯಿ. ಕರುವಿನಷ್ಟು ದೊಡ್ಡದು. ಆ ದಿನ ಅದಕ್ಕೆ ಆಪರೇಶನ್. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬನ್ನಿ ಎಂದಿದ್ದರಂತೆ ಡಾಕ್ಟರು. ತಮ್ಮನಿಗೆ ಅದನ್ನೇ ಹೇಳುತ್ತಿದ್ದ.

ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ಆಗ ಪಾಸ್ಟರ್ ಹೇಳಿದ ಮಾತು ನನ್ನ ತಲೆಯಲ್ಲಿ ಮೊಳೆಯ ಹಾಗೆ ಕೂತಿತು. "ಹಿರಿಯರೇ, ಪೌಲನ ಪತ್ರ ಓದುವುದೂ ಹೀಗೇ. ನಮಗೆ ಕೇಳುವುದು ಫೋನಿನ ಈ ಕಡೆಯ ಮಾತು ಮಾತ್ರ. ಆ ಕಡೆ ಯಾರಿದ್ದರು, ಏನು ಗಲಾಟೆ ನಡೆದಿತ್ತು ಅಂತ ವಿಚಾರಿಸದೆ ಕಾಲರಿಗೆ ಕೈ ಹಾಕಬಾರದು."

ಹಿರಿಯರು ಕಾಲರು ಬಿಟ್ಟ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಅಂದರು: "ಪೌಲ ನಾಯಿ ಸಾಕಿದ್ದ ಅಂತ ಎಲ್ಲುಂಟು?"

ಅರ್ಧ ವಾಕ್ಯ

ಇನ್ನು ಬರುವುದು ನನ್ನ ಹಲ್ಲು ಸವೆಸಿದ ಪ್ರಸಂಗ.

ನಮ್ಮ ಸಭೆಯಲ್ಲಿ ಒಬ್ಬ ಟೀಚರಕ್ಕ ಇದ್ದಾರೆ. ಗದಗದ ಕಡೆಯವರು, ಮದುವೆಯಾದವರಲ್ಲ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಸಂಡೇ ಸ್ಕೂಲೂ ಅವರದ್ದೇ. ಇವತ್ತು ಕಮಿಟಿಯಲ್ಲಿ ಕೂತು ಮೀಸೆ ತಿರುವುವ ಅರ್ಧ ಜನಕ್ಕೆ ಕನ್ನಡ ಅಕ್ಷರ ತಿದ್ದಿಸಿದವರು ಅವರೇ. ಹಿಂದಿ ಬಿಟ್ಟರೆ ಬೇರೇನೂ ಬಾಯಿಗೆ ಬಾರದ ನಮ್ಮ ಮಕ್ಕಳಿಂದ ಕನ್ನಡದಲ್ಲಿ ಕೀರ್ತನೆ ಹೇಳಿಸಿದವರು. ನಿವೃತ್ತಿಯ ಮೇಲೆ ಸುಮ್ಮನೆ ಕೂರದೆ ಅಂಚೆಯ ಮೂಲಕ ದೇವಶಾಸ್ತ್ರ ಓದಿ ಪದವಿ ಪಡೆದರು. ಒಮ್ಮೆ, ಒಂದೇ ಒಮ್ಮೆ, ಪೀಠದ ಮೇಲೆ ನಿಂತು ಪ್ರಸಂಗ, ಅಂದರೆ ಉಪದೇಶ, ಮಾಡಬೇಕು ಎನ್ನುವುದು ಅವರ ಆಸೆ. ಪಾಸ್ಟರ್ ಒಪ್ಪಿದರು. ಈಸ್ಟರಿನ ಮರುವಾರ ಎಂದು ಗೊತ್ತಾಯಿತು.

ಆ ದಿನ ಟೀಚರಕ್ಕ ಇಸ್ತ್ರಿ ಮಾಡಿದ ಬಿಳಿ ಇಳಕಲ್ ಸೀರೆ ಉಟ್ಟು ಬಂದಿದ್ದರು. ಪ್ರಸಂಗದ ವಿಷಯ ಕರ್ತನ ಖಾಲಿ ಸಮಾಧಿ. ಹೆಂಗಸರು ಬೆಳಿಗ್ಗೆ ಬೆಳಿಗ್ಗೆ ಸಮಾಧಿಗೆ ಹೋದರು, ಕಲ್ಲು ಉರುಳಿತ್ತು, ಕರ್ತ ಜೀವಂತ ಎದ್ದಿದ್ದಾನೆ, ಹೋಗಿ ಹೇಳಿ ಎಂದು ಅವರಿಗೆ ಅಪ್ಪಣೆಯಾಯಿತು. ಎಷ್ಟು ಚಂದ ಹೇಳುತ್ತಿದ್ದರೆಂದರೆ ಫ್ಯಾನು ಕೂಡ ಕಿರುಗುಟ್ಟುವುದು ಬಿಟ್ಟಿತ್ತು. "ಆ ಹೆಣ್ಮಕ್ಕಳು ಓಡಿ ಬಂದು ಶಿಷ್ಯರ ಮುಂದ ಎಲ್ಲಾ ಹೇಳಿದಾಗ, ಆ ಗಂಡಸರು..."

"ಟೀಚರ್, ಸಾಕು. ಇಳೀರಿ."

ದೊಡ್ಡ ಹಿರಿಯರು ಎದ್ದು ನಿಂತಿದ್ದರು. ಕೈಯಲ್ಲಿ ಬೆರಳಿಟ್ಟು ಹಿಡಿದ ಸತ್ಯವೇದ. "ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು, ಮಾತಾಡಲಿಕ್ಕೆ ಅವರಿಗೆ ಅಪ್ಪಣೆ ಇಲ್ಲ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಉಂಟು. ನಾನು ಇಷ್ಟು ಹೊತ್ತು ಮರ್ಯಾದೆಗೆ ಸುಮ್ಮನಿದ್ದೆ."

ಟೀಚರಕ್ಕನ ಬಾಯಿ ಅರ್ಧ ತೆರೆದಿತ್ತು. ಹಾಳೆಗಳನ್ನು ಮಡಚಿದರು. ಮೆಟ್ಟಿಲು ಇಳಿಯುವಾಗ ಸೀರೆಯ ಅಂಚು ಕಾಲಿಗೆ ತೊಡರಿತು. ಹಿಡಿಯಲು ಹೋದ ಪಾಸ್ಟರ್ ಕೈಯನ್ನು ಬೇಡವೆಂದು ಸರಿಸಿದರು. ಇಡೀ ಚರ್ಚಿನಲ್ಲಿ ಒಬ್ಬ ಗಂಡಸೂ ಉಸಿರೆತ್ತಲಿಲ್ಲ. ವಡಾಳಾದವರೆಗೆ ಕೇಳುವ ನನ್ನ ಬೇಸ್ ಸ್ವರವೂ ಆ ಹೊತ್ತಿಗೆ ಗಂಟಲಲ್ಲೇ ಇತ್ತು. ಅಕ್ಷರ ಕಲಿಸಿದವರನ್ನು ಅದೇ ಅಕ್ಷರದಿಂದ ಹೊಡೆದು ಕೂರಿಸಿದರಲ್ಲ ಎಂದು ಮೈಯೆಲ್ಲ ಉರಿಯಿತು.

ಹಿರಿಯರು ಕೂತರು. ಗೆದ್ದ ಖುಷಿಯಲ್ಲಿ ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದರು: "ಹೇಗಿತ್ತು?" ಅಕ್ಕ ಉತ್ತರ ಕೊಡಲಿಲ್ಲ. ಪಾಪ, ಅದು ಶುರು ಎಂದು ಹಿರಿಯರಿಗೆ ಗೊತ್ತಾಗಲಿಲ್ಲ.

ಅಪ್ಪ ತಂದ ಪ್ರತಿ

ಸಂಜೆ ಕಮಿಟಿ ಕೂತಿತು. ಟೀಚರಕ್ಕನನ್ನೂ ಕರೆಸಿದ್ದರು. ಪಾಸ್ಟರ್ ಕಲಿತದ್ದನ್ನೆಲ್ಲ ಮೇಜಿನ ಮೇಲೆ ಸುರಿದರು. ಕೊರಿಂಥದ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಗಲಾಟೆ ಮಾಡುತ್ತಿದ್ದರು, ಅದನ್ನು ಅಡಗಿಸಲು ಬರೆದದ್ದು ಎಂದರು. ಕೆಲವು ಹಳೆಯ ಪ್ರತಿಗಳಲ್ಲಿ ಆ ವಾಕ್ಯವೇ ಬೇರೆ ಜಾಗದಲ್ಲಿದೆ, ಹಾಗಾಗಿ ಪಂಡಿತರಿಗೇ ಅದರ ಬಗ್ಗೆ ಅನುಮಾನ ಎಂದರು.

ಹಿರಿಯರು ತಮ್ಮ ಸತ್ಯವೇದವನ್ನು ತಟ್ಟಿದರು. "ಇದು ನನ್ನ ಅಪ್ಪ ಉಡುಪಿಯಿಂದ ತಂದ ಪ್ರತಿ. ಇದರಲ್ಲಿ ಸರಿಯಾದ ಜಾಗದಲ್ಲೇ ಉಂಟು."

ಟೀಚರಕ್ಕ ಕನ್ನಡಕ ಏರಿಸಿಕೊಂಡರು. "ನಿಮ್ಮಪ್ಪಾರ ಪ್ರತಿಯೊಳಗ ನಾಕು ಹಾಳಿ ಹಿಂದಕ ತಿರುವ್ರಿ. ಹೆಣ್ಮಕ್ಕಳು ಸಭಾದಾಗ ಪ್ರಾರ್ಥನಾ ಮಾಡೂಮುಂದ ತಲಿ ಮುಚ್ಕೋರಿ ಅಂತ ಅದ ಪೌಲನ ಬರದಾನ. ಬಾಯೇ ತೆರೀಬಾರ್ದು ಅಂದಮ್ಯಾಲೆ ಪ್ರಾರ್ಥನಾ ಮಾಡೂದು ಹ್ಯಾಂಗ್ರೀ? ತಲಿ ಮುಚ್ಕೊಂಡು ಮಲಗೋದೇನು?"

ಹಿರಿಯರು ತಿರುವಲಿಲ್ಲ. "ವಾದ ಬೇಡ. ಮುಂದಿನ ವಾಕ್ಯ ಓದಿ. ಏನಾದರೂ ತಿಳಿದುಕೊಳ್ಳಬೇಕಿದ್ದರೆ ಮನೆಗೆ ಹೋಗಿ ಗಂಡನನ್ನು ಕೇಳಲಿ ಅಂತ ಸ್ಪಷ್ಟ ಉಂಟು. ಇನ್ನು ಮುಂದೆ ನಮ್ಮ ಸಭೆಯಲ್ಲಿ ಇದು ಅಕ್ಷರ ಅಕ್ಷರ ಜಾರಿ."

"ನನಗ ಗಂಡ ಇಲ್ಲಲ್ರೀ," ಎಂದರು ಟೀಚರಕ್ಕ. "ಯಾರ ಮನಿಗೆ ಹೋಗಿ ಯಾರ ಗಂಡನ್ನ ಕೇಳ್ಲಿ?"

ಯಾರೋ ಕಿಸಕ್ಕೆಂದರು. ನಾನೇ ಇರಬೇಕು. ಹಿರಿಯರು ಗಂಟಲು ಸರಿಮಾಡಿಕೊಂಡು, "ಅಂಥವರು ಅಧ್ಯಕ್ಷನಾದ ನನ್ನನ್ನು ಕೇಳಬಹುದು" ಎಂದುಬಿಟ್ಟರು.

ತನ್ನ ಗುಂಡಿಯನ್ನು ಇಷ್ಟು ಗಂಭೀರವಾಗಿ ತೋಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಅಕ್ಷರ ಅಕ್ಷರ

ಮುಂದಿನ ಭಾನುವಾರ ಹೆಂಗಸರೆಲ್ಲ ತಲೆ ತುಂಬ ಸೆರಗು ಹೊದ್ದು ಬಂದರು. ಒಳಗೆ ಕಾಲಿಟ್ಟವರು ಬಾಯಿ ಮುಚ್ಚಿದರು.

ಗಾಯನ ಮಂಡಳಿ ಎದ್ದಿತು. ಹೆಣ್ಣು ಸ್ವರ ಒಂದೂ ಇಲ್ಲ. ಉಳಿದದ್ದು ನಾನು, ಇನ್ನಿಬ್ಬರು ಬೇಸ್, ನೆಗಡಿಯಾದ ಒಬ್ಬ ಟೆನರ್. ಆ ಕೀರ್ತನೆ ಘಾಟಿ ಹತ್ತಲಾಗದ ಲಾರಿಯ ಹಾಗೆ ಕೇಳಿಸಿತು. ಕೀರ್ತನೆಯ ಓದಿನಲ್ಲಿ ಒಂದು ಸಾಲು ಗಂಡಸರದು, ಒಂದು ಸಾಲು ಹೆಂಗಸರದು. ನಮ್ಮ ಸಾಲು ಮುಗಿದೊಡನೆ ಬರೀ ಫ್ಯಾನಿನ ಸದ್ದು. ಒಂದು ಮಗು ಅತ್ತಿತು. ತಾಯಿ ಶ್ ಎನ್ನಲೂ ಇಲ್ಲ, ಎತ್ತಿ ಗಂಡನ ತೊಡೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಎಲ್ಲ ಅಪ್ಪಂದಿರ ತೊಡೆಯಲ್ಲೂ ಒಂದೊಂದು ಅಳು.

ಆ ದಿನ ಕರ್ತನ ಭೋಜನ ಇತ್ತು. ಹಂಚುವ ರೊಟ್ಟಿ, ದ್ರಾಕ್ಷಾರಸ ಎಲ್ಲ ಇರುವುದು ಅಲ್ಮಾರಿಯಲ್ಲಿ. ಕೀಲಿ ಹೆಂಗಸರ ಸಂಘದ್ದು. ಹಿರಿಯರು ಅಲ್ಮಾರಿ ಜಗ್ಗಿದರು, ಅಲ್ಲಾಡಿಸಿದರು, ಕೊನೆಗೆ ಎಲ್ಲರೆದುರು ಕೇಳಿದರು: "ಕೀಲಿ ಎಲ್ಲಿ?"

ಹೆಂಗಸರೆಲ್ಲ ಒಟ್ಟಿಗೆ ಸೂರು ನೋಡಿದರು.

ಹಿರಿಯರು ಹೆಂಡತಿಯ ಹತ್ತಿರ ಬಂದರು. ಅಕ್ಕ ಸತ್ಯವೇದ ಬಿಡಿಸಿ ಆ ವಾಕ್ಯದ ಮೇಲೆ ಬೆರಳಿಟ್ಟರು. "ಹೇಳು ಮಾರಾಯ್ತಿ, ನಾನೇ ಅಪ್ಪಣೆ ಕೊಡ್ತೇನೆ!" ಅಕ್ಕ ಬೆರಳನ್ನು ಒಂದಿಷ್ಟು ಸರಿಸಿ, ಅಪ್ಪಣೆ ಇಲ್ಲ ಎಂಬಲ್ಲಿ ಇಟ್ಟರು.

ಮೌನ ಚರ್ಚಿನದ್ದಾಯಿತು. ಮನೆಯ ಮಾತು ಇನ್ನೂ ದೊಡ್ಡದು. ಮನೆಗೆ ಹೋಗಿ ಗಂಡನನ್ನು ಕೇಳಿ ಎಂದಿದ್ದರಲ್ಲ, ಕೇಳಿದರು. ಆಂಟಾಪ್ ಹಿಲ್ಲಿನಿಂದ ಜೋಗೇಶ್ವರಿಯವರೆಗೆ ನಮ್ಮ ಸಭೆಯ ಅಷ್ಟೂ ಅಡುಗೆಮನೆಗಳಲ್ಲಿ ಒಂದೇ ನಿಯಮ. ಮೊದಲು ಉತ್ತರ, ಆಮೇಲೆ ಊಟ. "ಸೃಷ್ಟಿಯಲ್ಲಿ ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನವಂತೆ, ಹಾಗಾದರೆ ಮೊದಲ ಮೂರು ದಿನ ಬೆಳಗಾದದ್ದು ಹೇಗೆ?" "ನೋಹನ ನಾವೆಯಲ್ಲಿ ಸಿಂಹ ಏನು ತಿಂದಿತು?" "ಗೊತ್ತಿಲ್ಲ, ಪಾಸ್ಟರನ್ನು ಕೇಳು" ಎಂದರೆ, "ಪಾಸ್ಟರ್ ಅಂತ ಬರೆದಿಲ್ಲ. ಗಂಡ ಅಂತ ಬರೆದಿದೆ."

ನನ್ನ ಹೆಂಡತಿ ಕೇಳಿದ್ದು, ಮೊದಲ ದಂಪತಿಯ ಹಿರಿಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಎಂದು. ಆಗ ಭೂಮಿಯ ಮೇಲೆ ಇದ್ದದ್ದೇ ಅಪ್ಪ, ಅಮ್ಮ, ಅವನು. ತಮ್ಮನನ್ನು ಅವನೇ ಕೊಂದಿದ್ದ. ನಾನು ಕೂತಲ್ಲೇ ಥಟ್ಟನೆ ಉತ್ತರ ಕೊಟ್ಟೆ. ಅವಳು ತಲೆದೂಗಿ ಬಡಿಸಿದಳು. ಆ ಪಾಂಡಿತ್ಯ ಎಲ್ಲ ಗಂಡಂದಿರಿಗೆ ಬರುವುದಿಲ್ಲ.

ದೊಡ್ಡ ಹಿರಿಯರ ಮನೆಯಲ್ಲಿ ಇಬ್ಬರು. ಎಡಕ್ಕೆ ಅಕ್ಕ, ಬಲಕ್ಕೆ ಟೀಚರಕ್ಕ. "ನೀವ ಹೇಳಿದ್ರಲ್ರೀ, ಕೇಳಲಿಕ್ಕ ಬಂದೀನಿ" ಎಂದು ದಿನಾ ಊಟದ ಹೊತ್ತಿಗೆ ಹಾಜರು. ಹಿರಿಯರು ಫ್ಯಾಕ್ಟರಿಗೆ ಓಡಿದರೆ ಅಲ್ಲಿಗೂ ಬಂದು, ಬಕೆಟುಗಳ ನಡುವೆ ಸ್ಟೂಲು ಹಾಕಿ ಕೂತು ಕೇಳಿದರಂತೆ.

ವಾರದ ಕೊನೆಗೆ ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಹೋದೆ. ಸುಮ್ಮನೆ, ಒಂದು ಕಾಫಿಗೆ. ಒಳಗೆ ನೋಡಿದರೆ ಪ್ರತಿ ಮೇಜಿನಲ್ಲೂ ನಮ್ಮ ಸಭೆಯ ಗಂಡಸರು. ಒಬ್ಬರನ್ನೊಬ್ಬರು ನೋಡದ ಹಾಗೆ ತಟ್ಟೆಗೆ ಮುಖ ಹಾಕಿ ತಿನ್ನುತ್ತಿದ್ದಾರೆ. ಮ್ಯಾನೇಜರು ಕೇಳಿದರು, "ಎಂತ, ನಿಮ್ಮದು ಇಲ್ಲಿ ಸಮ್ಮೇಳನ ಉಂಟಾ?" ಮೂಲೆಯಲ್ಲಿ ಕಂಬದ ಹಿಂದೆ ದೊಡ್ಡ ಹಿರಿಯರು. ಎದುರಿಗೆ ಇಡ್ಲಿ. ನನ್ನನ್ನು ಕಂಡವರೇ ಚಮಚ ಕೆಳಗಿಟ್ಟರು.

"ಮಾರಾಯ್ರೆ," ಎಂದರು ಸಣ್ಣ ಸ್ವರದಲ್ಲಿ, "ಅದು ಕೊರಿಂಥದವರಿಗೆ ಬರೆದದ್ದಲ್ಲವಾ? ಆಂಟಾಪ್ ಹಿಲ್ಲಿನವರಿಗೆ ಅಂತ ಎಲ್ಲುಂಟು?"

ಜಗತ್ತಿನ ಪಂಡಿತರು ಗ್ರೀಕ್ ಕಲಿತು ಕಣ್ಣು ಕೆಡಿಸಿಕೊಂಡು ತಲುಪಿದ ಜಾಗಕ್ಕೆ ನಮ್ಮ ಹಿರಿಯರು ಎರಡು ಇಡ್ಲಿಯಲ್ಲಿ ತಲುಪಿದ್ದರು. ನನಗೆ ಸಿಟ್ಟು ಇಳಿಯಲಿಲ್ಲ. ಒಬ್ಬ ಹೆಂಗಸನ್ನು ಎಲ್ಲರೆದುರು ಇಳಿಸಿದ್ದು ತಪ್ಪೆಂದು ಅವರಿಗೆ ಅನ್ನಿಸಲಿಲ್ಲ, ಮನೆಯ ಸಾರು ತಪ್ಪಿದ್ದು ಮಾತ್ರ ತಟ್ಟಿತು. "ಅದನ್ನು ಇಲ್ಲಿ ಚಟ್ನಿಗೆ ಹೇಳಬೇಡಿ. ಅಲ್ಲಿ, ಅದೇ ಪೀಠದ ಹತ್ತಿರ ನಿಂತು ಹೇಳಿ" ಎಂದೆ. ಈ ಸಲ ಗಂಟಲಿನಿಂದ ಸ್ವರ ಹೊರಟಿತು. ಮ್ಯಾನೇಜರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತರು.

ಆ ಭಾನುವಾರ ಹಿರಿಯರು ಎದ್ದು, "ಟೀಚರ್, ದಯವಿಟ್ಟು ಬನ್ನಿ, ಮುಗಿಸಿ" ಎಂದರು. ಅಂಗಳದಲ್ಲಿ ಒಂದೇ ಕಾರು ಇತ್ತು ಎಂಬುದನ್ನೂ ನಾನು ಗಮನಿಸಿದೆ.

ಅದೇ ಬಿಳಿ ಇಳಕಲ್ ಸೀರೆ. ಟೀಚರಕ್ಕ ಮೆಟ್ಟಿಲು ಹತ್ತಿದರು. ಮಡಚಿದ್ದ ಹಾಳೆಗಳನ್ನು ಬಿಡಿಸಿ, ಅಂಗೈಯಲ್ಲಿ ನೀವಿ, ಕನ್ನಡಕದ ಮೇಲಿನಿಂದ ಗಂಡಸರ ಸಾಲನ್ನು ಒಮ್ಮೆ ಪೂರ್ತಿ ನೋಡಿ, ಅಂದು ಮಾತು ನಿಂತಿದ್ದ ಜಾಗದಿಂದಲೇ ಮುಂದುವರಿಸಿದರು:

"...ಆ ಗಂಡಸರು ನಂಬಲಿಲ್ಲ."

ಹಿಂದಿನ ಭಾನುವಾರವಿಡೀ ಬಾಯಿ ಮುಚ್ಚಿದ್ದ ಹೆಂಗಸರ ಕಡೆಯಿಂದ ಎದ್ದ ನಗುವಿಗೆ ವಡಾಳಾದಲ್ಲಿ ಗಾಡಿಯೇ ನಿಂತಿರಬೇಕು. ಎಲ್ಲಕ್ಕಿಂತ ಜೋರಾಗಿ ಆಮೆನ್ ಎಂದವರು ಅಕ್ಕ.

ಇಷ್ಟೂ ನಿಜ. ನಾಲ್ಕನೆಯ ಸೀಟಿನ ಮೇಲಾಣೆ. ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ಹೆಂಡತಿಯ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟೆ ಎಂದೆನಲ್ಲ, ಅದು. ಕಾಯಿನನ ಹೆಂಡತಿ ಎಲ್ಲಿಂದ ಬಂದಳೆಂದು ನಿಮಗೇನಾದರೂ ಗೊತ್ತಿದ್ದರೆ ಬೇಗ ಹೇಳಿ. ಒಳಗೆ ತಟ್ಟೆ ಹಾಕುವ ಸದ್ದು ಕೇಳಿಸುತ್ತಿದೆ.